ಕರೆಂಟು ಬಂದ ಮೇಲಿನ ಅರ್ಧ ಗಂಟೆ

ನನ್ನ ಆಫೀಸಿನ ಫೋನು ರಿಂಗಾಗುವುದೇ ಇಲ್ಲ. ಕೆಟ್ಟಿದೆ ಎಂದು ತಿಳಿಯಬೇಡಿ. ದಿನಾ ಬೆಳಿಗ್ಗೆ ಬೀಗ ತೆಗೆದು ಒಳಗೆ ಬಂದವಳೇ ಎತ್ತಿ ಕಿವಿಗಿಟ್ಟು ನೋಡುತ್ತೇನೆ, ಗುಂಯ್ ಎನ್ನುತ್ತಿರುತ್ತದೆ. ಕರೆಯುವವರಿಲ್ಲ, ಅಷ್ಟೇ. ನಾನು ಮಾರುವ ಸಾಮಾನು ಕೆಡುವುದಿಲ್ಲ. ಕೆಡದ ಸಾಮಾನು ಮಾರಿದವಳನ್ನು ಯಾರು ನೆನಪಿಟ್ಟುಕೊಂಡು ಫೋನು ಮಾಡುತ್ತಾರೆ, ನೀವೇ ಹೇಳಿ.

ನನ್ನ ಹೆಸರು ಆಶಾಲತಾ. ವಯಸ್ಸು ನಲವತ್ತು ದಾಟಿದೆ. ಮದುವೆಯಾಗಿಲ್ಲ, ಏಕೆ ಎಂದು ಕೇಳುವ ಹಕ್ಕಿದ್ದವರು ಯಾರೂ ಈಗ ಇಲ್ಲ. ಅಪ್ಪ ರಮಾನಾಥ ನಮ್ಮ ಕಡೆಯ ಬ್ಯಾಂಕೊಂದರ ನೌಕರಿಯಲ್ಲಿ ಕುಂದಾಪುರದಿಂದ ಕಲ್ಕತ್ತಕ್ಕೆ ವರ್ಗವಾಗಿ ಬಂದವರು ಇಲ್ಲೇ ನಿವೃತ್ತರಾಗಿ ಇಲ್ಲೇ ತೀರಿಕೊಂಡರು. ಹಿಂದೆಯೇ ಅಮ್ಮನೂ ಹೋದಳು. ಜಾದವ್‌ಪುರದ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ, ಗಣೇಶಚಂದ್ರ ಅವೆನ್ಯೂದ ಆಫೀಸಿನಲ್ಲೂ ನಾನೊಬ್ಬಳೇ. ಆಫೀಸು ಎಂದರೆ ಒಂದು ಕೋಣೆ, ಒಂದು ಮೇಜು, ಎರಡು ಕುರ್ಚಿ. ಎರಡನೆಯ ಕುರ್ಚಿ ಗಿರಾಕಿಗೆ. ಅದರ ಮೇಲೆ ನನ್ನ ಕೊಡೆ, ಕೈಚೀಲ ಕೂತಿರುತ್ತವೆ.

ಬೆಂಗಳೂರಿನ ಸಮನ್ವಯ ಸಿಸ್ಟಮ್ಸ್ ಎಂಬ ಕಂಪನಿಯ ಪೂರ್ವ ಭಾರತದ ಮಾರ್ಕೆಟಿಂಗ್ ಮ್ಯಾನೇಜರ್ ನಾನು. ಪೂರ್ವ ಭಾರತ ಎಂದು ಕೇಳಿ ಹೆದರಬೇಡಿ, ಮ್ಯಾನೇಜ್ ಮಾಡಲು ನನ್ನ ಕೈಕೆಳಗೆ ಒಂದು ನರಪಿಳ್ಳೆಯೂ ಇಲ್ಲ. ನಾವು ಮಾರುವುದು ನೆಟ್‌ವರ್ಕಿಂಗ್ ಸಾಫ್ಟ್‌ವೇರು. ಒಂದು ಆಫೀಸಿನಲ್ಲಿ ಹತ್ತು ಕಂಪ್ಯೂಟರುಗಳಿದ್ದರೆ ಅವು ಮುನಿಸಿಕೊಂಡ ಓರಗಿತ್ತಿಯರ ಹಾಗೆ ಒಂದರ ಮುಖ ಒಂದು ನೋಡುವುದಿಲ್ಲ. ಅವುಗಳ ನಡುವೆ ತಂತಿ ಎಳೆದು ಒಂದಕ್ಕೊಂದು ಮಾತಾಡುವ ಹಾಗೆ ಮಾಡುವುದು ನಮ್ಮ ಕೆಲಸ. ಈ ಕೆಲಸವನ್ನು ದೇಶದಲ್ಲೆಲ್ಲ ಮಾಡುವ ಇನ್ನೊಂದು ಕಂಪನಿ ಇದೆ, ವಿಲಾಯತಿಯದು. ಅದರ ಹೆಸರು ನಾನು ಬಾಯಲ್ಲಿ ಆಡುವುದಿಲ್ಲ, ದೊಡ್ಡಪ್ಪ ಎನ್ನುತ್ತೇನೆ. ಕಲ್ಕತ್ತದಲ್ಲಿ ನೆಟ್‌ವರ್ಕ್ ಬೇಕು ಎಂದವರೆಲ್ಲ ದೊಡ್ಡಪ್ಪನ ಹೆಸರು ಹೇಳಿಯೇ ಕೇಳುತ್ತಾರೆ. ನಮ್ಮ ಹೆಸರು ಹೇಳಿದರೆ ಯಾವುದೋ ಸಂಗೀತ ಸಭೆಯವರು ಚಂದಾ ಕೇಳಲು ಬಂದರೇನೋ ಎಂದು ಮುಖ ನೋಡುತ್ತಾರೆ.

ಇಡೀ ಕಲ್ಕತ್ತದಲ್ಲಿ ನನಗಿದ್ದ ಹೇಳಿಕೊಳ್ಳುವಂಥ ಗಿರಾಕಿ ಒಬ್ಬರೇ. ಡಾಲ್‌ಹೌಸಿ ಚೌಕದ ಹಳೇ ಕಟ್ಟಡವೊಂದರ ಎರಡನೇ ಮಹಡಿಯಲ್ಲಿರುವ ಮ್ಯಾಕ್ರೇ ಅಂಡ್ ಸೇನ್, ಚಹಾ ಹರಾಜಿನ ದಲ್ಲಾಳಿಗಳು. ಮೂರು ವರ್ಷದ ಹಿಂದೆ ಅವರ ಹನ್ನೆರಡು ಕಂಪ್ಯೂಟರುಗಳನ್ನು ನಾನೇ ಮುಂದೆ ನಿಂತು ಜೋಡಿಸಿಕೊಟ್ಟಿದ್ದೆ. ಆಮೇಲೆ ಒಂದು ದಿನವೂ ಅದು ಕೆಡಲಿಲ್ಲ. ಒಂದು ದಿನವೂ ಅವರು ನನ್ನನ್ನು ಕರೆಯಲಿಲ್ಲ.

ತೊಂಬತ್ತೆರಡರ ಬೇಸಿಗೆಯಲ್ಲಿ ಬೆಂಗಳೂರಿನಿಂದ ಪುರುಷೋತ್ತಮ ಅವರ ಫೋನು ಬಂತು. ಅವರು ನಮ್ಮ ಜನರಲ್ ಮ್ಯಾನೇಜರ್. ಎಸ್‌ಟಿಡಿ ಬಿಲ್ಲಿನ ಭಯದಿಂದ ಯಾವಾಗಲೂ ಓಡುತ್ತ ಮಾತಾಡುವವರ ಹಾಗೆ ಮಾತಾಡುತ್ತಾರೆ. ಸೇನ್ ಕಂಪನಿಯವರು ಮೂರನೇ ಮಹಡಿಯನ್ನೂ ತೆಗೆದುಕೊಂಡು ಕಂಪ್ಯೂಟರುಗಳನ್ನು ಇಮ್ಮಡಿ ಮಾಡುತ್ತಿದ್ದಾರಂತೆ, ಅದಕ್ಕೆ ದೊಡ್ಡಪ್ಪನವರನ್ನೂ ಕರೆದಿದ್ದಾರಂತೆ. ಇದ್ದೂರಿನಲ್ಲಿದ್ದ ನನಗೆ ಗೊತ್ತಿಲ್ಲದ್ದು ಬೆಂಗಳೂರಿಗೆ ಗೊತ್ತಾಗಿತ್ತು.

"ನೋಡಿ ಮೇಡಂ, ಈ ಆರ್ಡರ್ ಬಂದ್ರೆ ಕಲ್ಕತ್ತ ಆಫೀಸು ಇರುತ್ತೆ. ಬರ್ಲಿಲ್ಲ ಅಂದ್ರೆ ದುರ್ಗಾಪೂಜೆ ಹೊತ್ಗೆ ಬಾಗ್ಲು ಹಾಕಿ ನೀವು ಇಲ್ಲಿಗೇ ಬಂದ್ಬಿಡಿ. ಇಲ್ಲೊಂದು ಸೀಟು ಕೊಡೋಣ."

ಅಲ್ಲಿ ಸೀಟು ಕೊಡುತ್ತಾರಂತೆ, ಸೀಟು. ಬೆಂಗಳೂರಿನಲ್ಲಿ ನನಗೆ ಯಾರಿದ್ದಾರೆ? ಇಲ್ಲಿಯೂ ಯಾರೂ ಇಲ್ಲ, ಅದು ಬೇರೆ ಮಾತು. ಆದರೆ ಇಲ್ಲಿ ಅಪ್ಪ ಹತ್ತುತ್ತಿದ್ದ ಟ್ರಾಮಿದೆ, ಅಮ್ಮನಿಗೆ ಮೀನು ತೂಗಿ ಕೊಡುತ್ತಿದ್ದವನು ಈಗಲೂ ನನ್ನನ್ನು ಕಂಡರೆ ತಲೆಯಾಡಿಸುತ್ತಾನೆ. ಈ ವಯಸ್ಸಿನಲ್ಲಿ ಹೊಸ ಊರಿಗೆ ಹೋಗಿ ಹೊಸದಾಗಿ ಒಂಟಿಯಾಗುವುದು ನನಗೆ ಬೇಕಿರಲಿಲ್ಲ. ಹೇಗಾದರೂ ಆ ಆರ್ಡರ್ ತಂದೇ ತರುತ್ತೇನೆ ಎಂದುಕೊಂಡು ಮರುದಿನವೇ ಹೊಸ ಸೀರೆ ಉಟ್ಟು ಹೊರಟೆ.

ಸೇನ್ ಕಂಪನಿಯ ಬಾಗಿಲಲ್ಲಿ ದರವಾನ ನನ್ನನ್ನು ತಡೆದು ಯಾರು ಬೇಕು ಎಂದು ಕೇಳಿದ. ಮೂರು ವರ್ಷದ ಹಿಂದೆ ಇದೇ ದರವಾನ ನನಗೆ ಏಣಿ ಹಿಡಿದಿದ್ದ. ಒಳಗೆ ಹೋದರೆ ದೊಡ್ಡ ಹಾಲಿನ ನಡುವೆ ಒಬ್ಬ ಯುವಕ ಮೇಜಿನ ಅಂಚಿಗೆ ಕೂತು, ಕಾಗದದ ಪೊಟ್ಟಣದಿಂದ ಮಂಡಕ್ಕಿ ತಿನ್ನುತ್ತ, ಸುತ್ತಲಿದ್ದ ಗುಮಾಸ್ತರನ್ನೆಲ್ಲ ನಗಿಸುತ್ತಿದ್ದ. ಮನೆ ಅಳಿಯನ ಹಾಗೆ ಕೂತಿದ್ದಾನಲ್ಲ, ಯಾರಪ್ಪ ಇವನು ಎಂದು ವಿಚಾರಿಸಿದರೆ ದೊಡ್ಡಪ್ಪನ ಕಂಪನಿಯ ಪ್ರಬೀರ್. ಇಲ್ಲಿ ಅವನ ಸಾಮಾನು ಒಂದು ತಂತಿಯಷ್ಟೂ ಇಲ್ಲ. ಕೆಳಗೆ ಮೊದಲನೇ ಮಹಡಿಯ ವಿಮಾ ಕಚೇರಿಯಲ್ಲಿದೆ, ಅಲ್ಲಿ ವಾರ ವಾರ ಏನಾದರೊಂದು ಕೆಡುತ್ತದೆ, ಅದನ್ನು ಸರಿಮಾಡಲು ಬಂದವನು ಚಹಾ ಕುಡಿಯಲು ಮೇಲೆ ಹತ್ತಿ ಬರುತ್ತಾನೆ. ಪೂಜೆಗೆ ಇಬ್ಬರ ಮನೆಯಲ್ಲಿ ಅವನಿಗೆ ಊಟವಂತೆ. ನನಗೆ ಮೈಯೆಲ್ಲ ಉರಿಯಿತು. ಇನ್ನೂ ಚೆಂದದ ಸಂಗತಿ ಕೇಳಿ: ತಮ್ಮ ಕಂಪ್ಯೂಟರುಗಳಲ್ಲಿ ಇರುವುದೂ ದೊಡ್ಡಪ್ಪನ ಸಾಫ್ಟ್‌ವೇರೇ ಎಂದು ಅರ್ಧ ಜನ ನಂಬಿಕೊಂಡಿದ್ದರು.

ಮಾಲೀಕರ ಮಗ ಕಿರಿಯ ಸೇನ್ ಸಭ್ಯ ಮನುಷ್ಯ. ಗಾಜಿನ ಕೋಣೆಯಲ್ಲಿ ಕೂರಿಸಿ, ನಿಮ್ಮದರ ಬಗ್ಗೆ ನನಗೆ ಒಂದು ದೂರೂ ಇಲ್ಲ, ನನ್ನನ್ನು ಕೇಳಿದರೆ ಇವತ್ತೇ ನಿಮಗೆ ಕೊಟ್ಟುಬಿಡುತ್ತೇನೆ ಎಂದರು. ಆದರೆ ಹೊಸ ಕಂಪ್ಯೂಟರು ಒಳಗೆ ಬರಬೇಕಾದರೆ ಗುಮಾಸ್ತರ ಯೂನಿಯನ್ ಒಪ್ಪಂದಕ್ಕೆ ಸಹಿ ಹಾಕಬೇಕು. ಯೂನಿಯನ್ ದೊಡ್ಡಪ್ಪನ ಹೆಸರು ಬರೆದು ಕೊಟ್ಟಿದೆ. ಕಾರಣ ಹೇಳುತ್ತಿಲ್ಲ. ಕಾರ್ಯದರ್ಶಿ ನಿರಂಜನ ಹಾಲ್ದಾರ್ ಅವರನ್ನು ನೀವೇ ಒಪ್ಪಿಸಿ ಎಂದು ಕೈಮುಗಿದರು.

ನಿರಂಜನಬಾಬು ಅಲ್ಲಿಯ ಹಿರಿಯ ಗುಮಾಸ್ತರು. ಬಿಳಿ ಧೋತಿ, ದಪ್ಪ ಕನ್ನಡಕ, ಜೇಬಿನಲ್ಲಿ ಎರಡು ಪೆನ್ನು. ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, ಶನಿವಾರ ಮಧ್ಯಾಹ್ನ ಎಲ್ಲರನ್ನೂ ಕೂರಿಸುತ್ತೇನೆ ದಿದಿ, ಅವರಿಗೇ ತೋರಿಸಿ ಎಂದರು. ದಿದಿ ಎಂದರೆ ಅಕ್ಕ.

ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಬಣ್ಣದ ಚಾರ್ಟು ತರಿಸಿದೆ. ಒಂದು ಕಡೆ ದೊಡ್ಡಪ್ಪ, ಇನ್ನೊಂದು ಕಡೆ ನಾವು. ಕರೆಂಟು ಹೋಗಿ ಬಂದರೆ ದೊಡ್ಡಪ್ಪನ ನೆಟ್‌ವರ್ಕ್ ಮತ್ತೆ ಎದ್ದು ನಿಲ್ಲಲು ಮುಕ್ಕಾಲು ಗಂಟೆ ಬೇಕು. ನಮ್ಮದು ಕರೆಂಟು ಹೋದೊಡನೆ ಎಲ್ಲರ ಕೆಲಸವನ್ನೂ ಭದ್ರವಾಗಿ ಕಟ್ಟಿಟ್ಟುಕೊಳ್ಳುತ್ತದೆ, ಬಂದೊಡನೆ ಅವರವರ ಪರದೆಯ ಮೇಲೆ ಬಿಟ್ಟ ಸಾಲನ್ನೇ ತಂದು ನಿಲ್ಲಿಸುತ್ತದೆ. ಕಲ್ಕತ್ತದಂಥ ಊರಿನಲ್ಲಿ ಇದಕ್ಕಿಂತ ದೊಡ್ಡ ಗುಣ ಇನ್ನೇನು ಬೇಕು? ನಮ್ಮ ಅಪ್ಪ ಮನೆಗೆ ತಂದ ಬ್ಯಾಂಕಿನ ಕೆಲಸ ಮಾಡುವಾಗ ಕರೆಂಟು ಹೋದರೆ ಪೆನ್ನು ಕೆಳಗಿಡುತ್ತಲೇ ಇರಲಿಲ್ಲ, ಅಮ್ಮ ಮೇಣದಬತ್ತಿ ತರುವವರೆಗೆ ಕತ್ತಲಲ್ಲೇ ಬರೆಯುತ್ತಿದ್ದರು. ಆ ಮನೆಯಲ್ಲಿ ಬೆಳೆದವಳು ನಾನು. ಕೆಲಸ ನಿಲ್ಲದಿರುವುದಕ್ಕಿಂತ ಸುಖ ಬೇರೆ ಇದೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಶನಿವಾರ ನಾನು ಚಾರ್ಟು ತೂಗುಹಾಕಿ ಅರ್ಧ ಮಾತು ಮುಗಿಸುವಷ್ಟರಲ್ಲಿ ಫ್ಯಾನು ನಿಂತಿತು. ಲೋಡ್‌ಶೆಡಿಂಗ್. ದೇವರೇ ನನ್ನ ಪಾಲಿಗೆ ಬಂದ ಎಂದುಕೊಂಡೆ. ಗುಮಾಸ್ತರೆಲ್ಲ ಎದ್ದು ಕುರ್ಚಿ ಹಿಂದೆ ಸರಿಸಿದರು. ಯಾರೋ ಬೀದಿಗೆ ಬಗ್ಗಿ ಚಹಾ ಕೂಗಿ ಹೇಳಿದರು, ಒಬ್ಬರು ಬೀಡಿ ಹಚ್ಚಿದರು, ವರಾಂಡದ ಬಾಗಿಲು ತೆರೆಯಿತು. ಕೆಳಗೆ ಕಟ್ಟಡದ ಜನರೇಟರು ಗೊರ್ ಎಂದು ಶುರುವಾಯಿತು. ಫ್ಯಾನು ತಿರುಗಿತು. ಹನ್ನೆರಡು ಪರದೆಗಳೂ ಒಟ್ಟಿಗೇ ಬೆಳಗಿ, ಯಾರು ಯಾವ ಸಾಲಿನಲ್ಲಿ ಬಿಟ್ಟಿದ್ದರೋ ಅದೇ ಸಾಲಿನಲ್ಲಿ ಬಂದು ನಿಂತವು. ನಾನು ಮದುವೆಮನೆಯ ಯಜಮಾನಿಯ ಹಾಗೆ ಬೀಗುತ್ತ ಹಿಂದೆ ತಿರುಗಿದೆ.

ಒಬ್ಬರ ಮುಖದಲ್ಲೂ ಕಳೆ ಇರಲಿಲ್ಲ. ಬೀಡಿ ಹಚ್ಚಿದವರು ಅದನ್ನು ಕಿಟಕಿಯ ಕಟ್ಟೆಗೆ ಒತ್ತಿ ಆರಿಸಿದರು. ವರಾಂಡದ ಬಾಗಿಲು ಮುಚ್ಚಿತು. ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. ಕೆಳಗಿನ ವಿಮಾ ಕಚೇರಿಯ ವರಾಂಡದಿಂದ ಮಾತ್ರ ಗಲಗಲ ಮಾತು, ನಗು ಮೇಲಕ್ಕೆ ಕೇಳಿಬರುತ್ತಿತ್ತು. ನಾನು ಉಳಿದ ಅರ್ಧ ಮಾತನ್ನೂ ಹೇಳಿ ಮುಗಿಸಿದೆ. ಯಾರೂ ಪಿಟ್ಟೆನ್ನಲಿಲ್ಲ, ಪ್ರಶ್ನೆಯನ್ನೂ ಕೇಳಲಿಲ್ಲ.

ಸಂಜೆ ಲೇಕ್ ಮಾರ್ಕೆಟ್ಟಿನ ವೆಂಕಪ್ಪನವರ ಹೋಟೆಲಿಗೆ ಹೋದೆ. ಉಡುಪಿ ಕಡೆಯವರು, ಅಪ್ಪನ ಕಾಲದಿಂದ ಪರಿಚಯ. ಇಡೀ ಊರಿನಲ್ಲಿ ನಾನು ಕನ್ನಡ ಮಾತಾಡುವುದು ಅವರ ಜೊತೆ ಮಾತ್ರ, ಅದೂ ಅವರು ಗಲ್ಲಾದಲ್ಲಿ ಪುರುಸೊತ್ತಾಗಿದ್ದರೆ.

"ಎಂತ ಆಶಕ್ಕ, ಮೋರೆ ಯಾಕೆ ಹೀಗೆ ಮಾಡಿಕೊಂಡದ್ದು? ಯಾರಾದ್ರೂ ಎಂತಾದ್ರೂ ಹೇಳಿದ್ರಾ?"

ಯಾರೂ ಏನೂ ಹೇಳಲಿಲ್ಲ, ಅದೇ ಕಷ್ಟ ಎಂದೆ. ನಡೆದದ್ದನ್ನು ಕೇಳಿ ಅವರು ನಕ್ಕುಬಿಟ್ಟರು. ಬರಿಗೈಯಲ್ಲಿ ಹೋದರೆ ಯಾರು ಮಾತಾಡುತ್ತಾರೆ, ಬಾಯಿಗೆ ಸಿಹಿ ಇಡಬೇಕು ಎಂದು ಹೇಳಿ ಒಂದು ದೊಡ್ಡ ಪೆಟ್ಟಿಗೆ ತುಂಬ ತಮ್ಮ ಕೈಯಾರೆ ಮಾಡಿದ ಮೈಸೂರು ಪಾಕು ಕಟ್ಟಿಕೊಟ್ಟರು. ನನಗೂ ಸರಿ ಎನ್ನಿಸಿತು. ಬಾಯಲ್ಲಿಟ್ಟರೆ ಕರಗುವ ಸಂದೇಶವೆಂಬ ಮಿಠಾಯಿ ತಿಂದು ಬೆಳೆದ ಜನಕ್ಕೆ ವೆಂಕಪ್ಪನವರ ಮೈಸೂರು ಪಾಕು ಒಯ್ದು ಹಂಚುವ ಬುದ್ಧಿ ನಮ್ಮಂಥವರಿಗೆ ಮಾತ್ರ ಬರಬೇಕು.

ಸೋಮವಾರ ಒಯ್ದು ಹಂಚಿದೆ. ಪಾಪ, ಒಳ್ಳೆಯ ಜನ. ಒಬ್ಬರೂ ಬೇಡ ಎನ್ನಲಿಲ್ಲ. ಒಬ್ಬರು ಕಚ್ಚಲಾರದೆ ದವಡೆಯಲ್ಲಿಟ್ಟುಕೊಂಡು ನನ್ನತ್ತ ನೋಡಿ ಮುಗುಳ್ನಕ್ಕರು. ಇನ್ನೊಬ್ಬರು ಕರ್ಚೀಫಿನಲ್ಲಿ ಸುತ್ತಿ ಮಕ್ಕಳಿಗೆ ಎಂದರು. ನಿರಂಜನಬಾಬು ತಮ್ಮ ಪಾಲಿನದನ್ನು ಹಿಡಿದುಕೊಂಡು, ಬನ್ನಿ ದಿದಿ ಎಂದು ನನ್ನನ್ನು ವರಾಂಡಕ್ಕೆ ಕರೆದೊಯ್ದರು.

ಉದ್ದನೆಯ ವರಾಂಡ. ಕಬ್ಬಿಣದ ಕಟಾಂಜನ, ಎರಡು ಬೆಂಚು. ಬೆಂಚಿನ ಮೇಲೆ ಪಾರಿವಾಳದ ಹಿಕ್ಕೆ ಒಣಗಿ ಕೂತಿತ್ತು. ಅವರು ಮಣ್ಣಿನ ಕುಡಿಕೆಯ ಚಹಾದಲ್ಲಿ ಮೈಸೂರು ಪಾಕನ್ನು ಅದ್ದಿ ಮೆತ್ತಗೆ ಮಾಡಿಕೊಂಡು ಸ್ವಲ್ಪ ಸ್ವಲ್ಪವೇ ತಿಂದರು. ಆಮೇಲೆ ಮಾತಾಡಿದರು.

ಮೊದಲೆಲ್ಲ ಕರೆಂಟು ಹೋದರೆ ಎಲ್ಲರೂ ಇಲ್ಲಿಗೆ ಬರುತ್ತಿದ್ದರಂತೆ. ಒಂದು ಗಂಟೆ, ಕೆಲವು ದಿನ ಎರಡು. ಇಲ್ಲೇ ಅವರ ಅಡ್ಡಾ, ಎಂದರೆ ಹರಟೆಯ ಕೂಟ. ಫುಟ್‌ಬಾಲ್, ರಾಜಕೀಯ, ಮಗಳಿಗೆ ಗಂಡು, ಮನೆಯ ಜಗಳ ಎಲ್ಲ ಇಲ್ಲೇ. ಕಂಪ್ಯೂಟರು ಬಂದಾಗ ಅದಕ್ಕೆಂದೇ ಜನರೇಟರೂ ಬಂತು. ಕೆಳಗಿನ ಕಚೇರಿಯವರಿಗೂ ಅದೇ ಜನರೇಟರು, ಆದರೆ ಅವರ ನೆಟ್‌ವರ್ಕ್ ಏಳಲು ಹೊತ್ತು ಹಿಡಿಯುತ್ತದೆ, ಅವರ ಅಡ್ಡಾ ಉಳಿದುಕೊಂಡಿದೆ.

"ನನ್ನ ಪಕ್ಕದ ಮೇಜಿನ ಬಿಮಲನ ತಾಯಿ ಹೋದ ಚಳಿಗಾಲದಲ್ಲಿ ತೀರಿಕೊಂಡರು ದಿದಿ. ಆರು ತಿಂಗಳು ಹಾಸಿಗೆ ಹಿಡಿದಿದ್ದರಂತೆ. ನನಗೆ ಗೊತ್ತಾದದ್ದು ಅವನು ತಲೆ ಬೋಳಿಸಿಕೊಂಡು ಬಂದ ದಿನ. ಇಪ್ಪತ್ತು ವರ್ಷದಿಂದ ಪಕ್ಕದಲ್ಲೇ ಕೂತಿದ್ದೇವೆ."

ಅವರು ಕುಡಿಕೆಯ ತಳದ ಚಹಾವನ್ನು ಹೊರಕ್ಕೆ ಚೆಲ್ಲಿದರು.

"ನಿಮ್ಮದು ಒಳ್ಳೆಯ ಸಾಮಾನು. ಒಳ್ಳೆಯದಾಗಿರುವುದೇ ನಮಗೆ ತೊಂದರೆ. ಇದನ್ನು ಮಾಲೀಕರಿಗೆ ಬರೆದು ಕೊಡಲು ಬರುವುದಿಲ್ಲ, ಅದಕ್ಕೇ ಕಾರಣ ಬರೆಯಲಿಲ್ಲ."

ದಾರಿಯುದ್ದಕ್ಕೂ ನನಗೆ ಕೋಪ ಬಂದಿತ್ತು. ಹರಟೆ ಹೊಡೆಯಲು ಬಿಡುವು ಸಿಗುವುದಿಲ್ಲ ಎಂದು ನನ್ನ ಹೊಟ್ಟೆಯ ಮೇಲೆ ಹೊಡೆಯುವುದೇ? ನಾಳೆ ಬಾಗಿಲು ಮುಚ್ಚಿದರೆ ನನ್ನ ಗತಿ ಏನು ಎಂದು ಒಬ್ಬರಾದರೂ ಯೋಚಿಸಿದರೇ? ಜಾದವ್‌ಪುರಕ್ಕೆ ಹೋಗುವ ಮಿನಿಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮನಸ್ಸಿನಲ್ಲೇ ನಿರಂಜನಬಾಬುವಿಗೆ ಬಾಯಿಗೆ ಬಂದಂತೆ ಬೈದೆ. ಬೈದು ಮುಗಿದ ಮೇಲೆ ಬಿಮಲ ಎಂಬ ಆ ಮನುಷ್ಯನ ನೆನಪಾಯಿತು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಾನೂ ದಿನಾ ಆಫೀಸಿಗೆ ಹೋಗಿ ಕೂತು ಬಂದಿದ್ದೆ. ಹೇಗಿದ್ದಾರೆ ಎಂದು ಕೇಳುವವರೊಬ್ಬರು ಅಲ್ಲಿ ಇದ್ದಿದ್ದರೆ ನಾನೂ ಹೇಳುತ್ತಿದ್ದೆ. ಬಸ್ಸಿನಲ್ಲಿ ಕಣ್ಣು ತುಂಬಿ ಬಂತು, ಧೂಳು ಬಿದ್ದವಳ ಹಾಗೆ ಸೆರಗಿನಿಂದ ಒರೆಸಿಕೊಂಡೆ.

ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ಏರ್ಪಾಡು ಇದೆ. ಕರೆಂಟು ಬಂದ ಮೇಲೆ ಯಾವ ಕಡತ ಹಾಳಾಗಿದೆಯೋ ಎಂದು ಒಂದೊಂದನ್ನೂ ಪರೀಕ್ಷಿಸಿ ಆಮೇಲೆ ಏಳುವಂತೆ ಮಾಡಬಹುದು. ಪೂರ್ತಿ ತಪಾಸಣೆ ಎನ್ನುತ್ತೇವೆ. ಅದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಬೇಗ ಎದ್ದರೆ ಗಿರಾಕಿ ಮೆಚ್ಚುತ್ತಾನೆಂದು ನಾವು ಎಲ್ಲ ಕಡೆ ಅದನ್ನು ಬಂದ್ ಮಾಡಿಯೇ ಕೊಡುತ್ತೇವೆ. ಅದನ್ನು ಮತ್ತೆ ಶುರು ಮಾಡಿದರೆ ಸಾಕಿತ್ತು. ಸುಳ್ಳಲ್ಲ, ಮೋಸವಲ್ಲ, ದತ್ತಾಂಶಕ್ಕೆ ಇನ್ನೂ ಹೆಚ್ಚಿನ ಭದ್ರತೆಯೇ.

ಬೆಂಗಳೂರಿಗೆ ಫೋನು ಮಾಡಿ ಹೇಳಿದೆ. ಪುರುಷೋತ್ತಮ ಅವರು ಎಸ್‌ಟಿಡಿ ಬಿಲ್ಲನ್ನೂ ಮರೆತು ನಿಧಾನವಾಗಿ ಮಾತಾಡಿದರು.

"ಮೇಡಂ, ಅವರ ಮುಂದೆ ನಮಗಿರೋದು ಅದೊಂದೇ ಹೆಚ್ಚುಗಾರಿಕೆ. ಅದನ್ನೇ ತೆಗೆದು ಹಾಕ್ತೀನಿ ಅಂತೀರಲ್ಲ, ಆಮೇಲೆ ನಾವ್ಯಾಕೆ ಬೇಕು ಅವ್ರಿಗೆ?"

ನಮ್ಮದು ಮಿಕ್ಕ ದಿನ ಕೆಡುವುದಿಲ್ಲ ಎಂದೆ. ಬೇಡ ಎಂದರು. ಸರಿ ಎಂದು ಫೋನಿಟ್ಟು ಮರುದಿನವೇ ಸೇನ್ ಕಂಪನಿಗೆ ಹೋದೆ. ಬೆಂಗಳೂರಿನಲ್ಲಿ ಕೂತವರಿಗೆ ಡಾಲ್‌ಹೌಸಿಯ ವರಾಂಡ ಹೇಗೆ ಕಂಡೀತು?

ಕಿರಿಯ ಸೇನ್ ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪೂರ್ತಿ ತಪಾಸಣೆ ಶುರು ಮಾಡುತ್ತೇನೆ, ಕಡತಗಳಿಗೆ ಒಳ್ಳೆಯದು, ಕರೆಂಟು ಬಂದ ಮೇಲೆ ಅರ್ಧ ಗಂಟೆ ಹೋಗುತ್ತದೆ. ಹರಾಜಿನ ದಿನಗಳಲ್ಲಿ ಬೇಕಾದರೆ ನಿಲ್ಲಿಸಬಹುದು. ಅದು ಬೇಕೇಬೇಕೇ ಎಂದು ಅವರು ಕೇಳಿದರು. ಜನಕ್ಕೆ ಬೇಕು ಎಂದೆ. ಅವರು ಗಾಜಿನಾಚೆ ಹಾಲನ್ನು ನೋಡಿದರು. ತಮ್ಮ ತಂದೆಯೂ ಮೊದಲು ಕರೆಂಟು ಹೋದಾಗ ಆ ವರಾಂಡಕ್ಕೆ ಹೋಗಿ ಎಲ್ಲರ ಜೊತೆ ಕೂರುತ್ತಿದ್ದರು ಎಂದು ಹೇಳಿ, ಮಾಡಿ ಎಂದರು.

ನಾನೇ ಮುಖ್ಯ ಯಂತ್ರದ ಮುಂದೆ ಕೂತು ಮಾಡಿದೆ. ಕೆಲವೇ ನಿಮಿಷದ ಕೆಲಸ. ನಿರಂಜನಬಾಬುವಿಗೆ ಮಾತ್ರ ಗುಟ್ಟಾಗಿ ತಿಳಿಸಿದೆ, ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಅದೇ ತಿಂಗಳು ಯೂನಿಯನ್ ನಮ್ಮ ಹೆಸರಿಗೆ ಒಪ್ಪಿ ಸಹಿ ಹಾಕಿತು. ಆರ್ಡರ್ ಬಂತು, ಮೂರನೇ ಮಹಡಿಗೂ ತಂತಿ ಎಳೆಸಿದೆ. ಪುರುಷೋತ್ತಮ ಅವರು ಬಾಯಿ ತುಂಬ ಹೊಗಳಿದರು. ಬೇಡ ಎಂದದ್ದನ್ನೇ ಮಾಡಿ ಆರ್ಡರ್ ತಂದೆ ಎಂದು ಹೇಳಲು ನಾನೇನು ದಡ್ಡಿಯೇ? ಕಲ್ಕತ್ತ ಆಫೀಸು ಉಳಿಯಿತು. ವೆಂಕಪ್ಪನವರು ಇದೆಲ್ಲ ತಮ್ಮ ಮೈಸೂರು ಪಾಕಿನ ಮಹಿಮೆ ಎಂದು ಇಂದಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ.

ಕೆಲಸ ಮುಗಿದ ಮೇಲೆ ನಾನು ಮತ್ತೆ ನನ್ನ ಕೋಣೆಗೆ ಬಂದೆ. ಮೇಜು, ಎರಡು ಕುರ್ಚಿ, ಗುಂಯ್ ಎನ್ನುವ ಫೋನು.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ನನ್ನ ಕೋಣೆಯ ಕರೆಂಟು ಹೋಯಿತು. ನಮ್ಮ ಕಟ್ಟಡಕ್ಕೆ ಜನರೇಟರಿಲ್ಲ. ಹೊರಗೆ ಬಂದು ನೋಡಿದರೆ ಇಡೀ ರಸ್ತೆಯಲ್ಲಿ ಇಲ್ಲ. ಹಾಗಾದರೆ ಡಾಲ್‌ಹೌಸಿಯಲ್ಲೂ ಹೋಗಿರುತ್ತದೆ ಎಂದುಕೊಂಡೆ. ಈಗ ಅವರೆಲ್ಲ ವರಾಂಡಕ್ಕೆ ಬಂದಿರುತ್ತಾರೆ. ನನ್ನ ಅರ್ಧ ಗಂಟೆಯಲ್ಲಿ ಕೂತು ಮಾತಾಡುತ್ತಿರುತ್ತಾರೆ. ನಾನು ಇಲ್ಲಿ ಕತ್ತಲಲ್ಲಿ ಕೂತು ಮಾಡುವುದೇನು? ನಡೆದೇ ಹೋಗುವಷ್ಟು ದೂರ. ಹಬ್ಬ ಹತ್ತಿರ ಬಂತು, ಒಂದು ಸಲ ಮಾತಾಡಿಸಿ ಬಂದರೆ ತಪ್ಪೇನಿಲ್ಲ. ದಾರಿಯಲ್ಲಿ ಮಿಠಾಯಿ ಅಂಗಡಿ ಹೊಕ್ಕು ಈ ಸಲ ಸಂದೇಶವನ್ನೇ ಕಟ್ಟಿಸಿಕೊಂಡೆ. ಅವರು ಒಂದು ಬೆಂಚಿನಲ್ಲಿ ಸರಿದು ನನಗೆ ಜಾಗ ಮಾಡಿಕೊಡುವುದು, ನಾನು ಪೊಟ್ಟಣ ಬಿಚ್ಚುವುದು, ಬಿಮಲ ಎಂಬುವವರು ಯಾರು ಎಂದು ನೋಡಿ ಗುರುತು ಮಾಡಿಕೊಳ್ಳುವುದು, ಎಲ್ಲ ನಡೆಯುತ್ತ ನಡೆಯುತ್ತ ಯೋಚಿಸಿಟ್ಟುಕೊಂಡಿದ್ದೆ. ಆ ಹಾದಿಯಲ್ಲಿ ನನಗೆ ಎಷ್ಟು ಖುಷಿಯಾಗಿತ್ತೆಂದರೆ ಟ್ರಾಮಿನ ಗಂಟೆ ಕೇಳದೆ ಹಳಿ ದಾಟಲು ಹೊರಟು ಬೈಸಿಕೊಂಡೆ.

ಮೆಟ್ಟಿಲು ಹತ್ತುವಾಗಲೇ ಅವರ ಮಾತು ಕೇಳಿಸಿತು. ಈಗ ಕೆಳಗಿನ ವಿಮಾ ಕಚೇರಿಯಲ್ಲೂ ಗಲಗಲ, ಮೇಲೂ ಗಲಗಲ. ಹಾಲಿನಲ್ಲಿ ಜನರೇಟರಿನ ಬೆಳಕು, ತಿರುಗುವ ಫ್ಯಾನು, ತಪಾಸಣೆ ನಡೆದಿದೆ ಎಂದು ತೋರಿಸುವ ಪರದೆಗಳು, ಖಾಲಿ ಕುರ್ಚಿಗಳು. ವರಾಂಡದ ಬಾಗಿಲಲ್ಲಿ ನಿಂತೆ. ಬೆಂಚು ಯಾರೋ ತೊಳೆದಿದ್ದರು. ಬೀಡಿಯವರು ಏನೋ ಹೇಳುತ್ತಿದ್ದರು, ಎಲ್ಲರೂ ಬಾಯಿಬಿಟ್ಟು ನಗುತ್ತಿದ್ದರು, ನಿರಂಜನಬಾಬು ಪಕ್ಕದವರ ಹೆಗಲ ಮೇಲೆ ಕೈಹಾಕಿ ಕೂತಿದ್ದರು.

ನನ್ನನ್ನು ಮೊದಲು ಕಂಡವರು ಥಟ್ಟನೆ ಎದ್ದು ನಿಂತರು. ಅವರನ್ನು ನೋಡಿ ಉಳಿದವರೂ ಎದ್ದರು. ಬೀಡಿ ಕಟಾಂಜನದ ಆಚೆ ಹಾರಿತು. ಕೈಲಿದ್ದ ಚಹಾವನ್ನು ಒಬ್ಬರು ಬೆನ್ನ ಹಿಂದೆ ಮರೆಸಿಕೊಂಡರು. ನಿರಂಜನಬಾಬು ಮುಂದೆ ಬಂದರು.

"ಇನ್ನೇನು ಎದ್ದುಬಿಡುತ್ತದೆ ದಿದಿ. ನಾವೇನೂ ಅದನ್ನು ಮುಟ್ಟಿಲ್ಲ. ನಮ್ಮಿಂದ ಯಾವ ದೂರೂ ಇಲ್ಲ. ನೀವು ಅದನ್ನು ಬದಲಾಯಿಸಲು ಬಂದಿರೇನು?"

ಅಲ್ಲ, ಸುಮ್ಮನೆ ಬಂದೆ ಎಂದೆ. ಕಂಪನಿಯವರು ಸುಮ್ಮನೆ ಬರುತ್ತಾರೆಯೇ? ಯಾರೂ ನಂಬಲಿಲ್ಲ, ನನಗೇ ಗೊತ್ತಾಯಿತು. ಯಾರೋ ಓಡಿಹೋಗಿ ಒಳಗಿನಿಂದ ಮೆತ್ತೆಯ ಕುರ್ಚಿ ತಂದರು. ಬೆಂಚಿನ ಪಕ್ಕಕ್ಕಲ್ಲ, ಬೆಂಚಿನ ಎದುರಿಗೆ ಹಾಕಿದರು. ನಾನು ಕೂತೆ. ಅವರು ನಿಂತೇ ಇದ್ದರು. ನನಗಾಗಿ ಕುಡಿಕೆಯಲ್ಲಲ್ಲ, ಸಾಹೇಬರ ಕೋಣೆಯ ಪಿಂಗಾಣಿ ಕಪ್ಪಿನಲ್ಲಿ ಚಹಾ ಬಂತು. ಎಲ್ಲ ಚೆನ್ನಾಗಿದೆಯೇ ಎಂದು ಕೇಳಿದೆ, ಚೆನ್ನಾಗಿದೆ ಎಂದರು. ಹೊಸ ಮಹಡಿ ಹೇಗಿದೆ ಎಂದೆ, ಚೆನ್ನಾಗಿದೆ ಎಂದರು. ಕೆಳಗಿನ ವರಾಂಡದ ನಗು ಮೇಲೆ ಬರುತ್ತಿತ್ತು, ನಮ್ಮಲ್ಲಿ ಜನರೇಟರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವರ ಅರ್ಧ ಗಂಟೆಯನ್ನು ನಾನು ಕೂತು ತಿನ್ನುತ್ತಿದ್ದೇನೆ ಎಂದು ಹೊಳೆದು ಚಹಾವನ್ನು ಬಿಸಿಬಿಸಿಯೇ ಗಟಗಟ ಕುಡಿದೆ. ಗಂಟಲು ಸುಟ್ಟಿತು. ಎಲ್ಲ ಸರಿಯಿದೆ, ಏನೂ ಬದಲಾಯಿಸುವುದಿಲ್ಲ, ಬರುತ್ತೇನೆ ಎಂದು ಎದ್ದೆ. ಅವರ ಮುಖ ಹಗುರಾದದ್ದು ಕಾಣಿಸಿತು. ನಿರಂಜನಬಾಬು ಮೆಟ್ಟಿಲವರೆಗೆ ಬಂದು ಕೈಮುಗಿದರು.

ಕೆಳಗಿನ ತಿರುವು ತಲಪುವಷ್ಟರಲ್ಲಿ ಮೇಲೆ ಮಾತು ಮತ್ತೆ ಶುರುವಾಯಿತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಬೀಡಿಯವರು ಅರ್ಧಕ್ಕೆ ಬಿಟ್ಟ ಕತೆಯನ್ನು ಮುಗಿಸಿರಬೇಕು, ಎಲ್ಲರೂ ಒಟ್ಟಿಗೆ ನಕ್ಕರು. ನಾನು ಗೋಡೆಗೆ ಒರಗಿ ನಿಂತೆ. ಅಲ್ಲಿ ಕೂರಬೇಕೆಂದು ನನಗೆ ಬಹಳ ಆಸೆಯಾಗಿತ್ತು. ದಿದಿ ಎಂದು ಬಾಯಿ ತುಂಬ ಕರೆಯುತ್ತಾರೆ, ಬೆಂಚಿನಲ್ಲಿ ಒಂದು ಗೇಣು ಸರಿದು ಕೂರಲಿಲ್ಲ. ಸರಿಯಲು ಅವರಿಗೆ ತೋಚಲೂ ಇಲ್ಲ. ಸಂದೇಶದ ಪೊಟ್ಟಣ ಇನ್ನೂ ನನ್ನ ಕೈಯಲ್ಲೇ ಇತ್ತು.

ಕೋಣೆಗೆ ಬಂದಾಗ ಕರೆಂಟು ಇನ್ನೂ ಬಂದಿರಲಿಲ್ಲ. ಪೊಟ್ಟಣವನ್ನು ಎರಡನೆಯ ಕುರ್ಚಿಯ ಮೇಲಿಟ್ಟೆ. ಕಿಟಕಿ ತೆರೆದು ಕೂತೆ. ಆಗ ಫೋನು ರಿಂಗಾಯಿತು. ನಿರಂಜನಬಾಬುವೇ ಇರಬೇಕು, ನಾನು ಹಾಗೆ ಎದ್ದು ಬಂದದ್ದಕ್ಕೆ ಮನಸ್ಸಿಗೆ ಕೆಡುಕೆನ್ನಿಸಿ ಮಾಡಿರಬೇಕು ಎಂದುಕೊಂಡು ಎರಡನೇ ಗಂಟೆಗೇ ಎತ್ತಿದೆ.

ಬೆಂಗಳೂರಿನಿಂದ ಪುರುಷೋತ್ತಮ ಅವರು. ಮೂರು ತಿಂಗಳ ವರದಿ ಬರೆಯುತ್ತಿದ್ದರಂತೆ.

"ಹೇಗಿದೆ ಮೇಡಂ ಸೇನ್ ಅವ್ರದ್ದು? ಏನಾದ್ರೂ ಕಂಪ್ಲೇಂಟು?"

"ಇಲ್ಲ ಸಾರ್," ಎಂದೆ. "ಈಗ ತಾನೇ ಹೋಗಿ ನೋಡಿ ಬಂದೆ. ಎಲ್ಲರೂ ಚೆನ್ನಾಗಿದ್ದಾರೆ. ಅವರಿಗೆ ನನ್ನ ಅಗತ್ಯವೇ ಬೀಳುವುದಿಲ್ಲ."

ತುಂಬ ಸಂತೋಷ, ಹೀಗೇ ಇರಲಿ ಎಂದು ಹೇಳಿ ಅವರು ಫೋನಿಟ್ಟರು. ಪೊಟ್ಟಣ ಬಿಚ್ಚಿ ಒಂದು ಸಂದೇಶ ಬಾಯಲ್ಲಿಟ್ಟುಕೊಂಡು, ಕರೆಂಟು ಬರುವುದನ್ನು ಕಾಯುತ್ತ ಕೂತೆ.